ಬಾಯಮ್ಮನ ವಾಡೊ

ಮೊನ್ನೆ ಗುಜರಿಯವನಿಗೆ ಹಳೆಯ ಪೇಪರಿನ ಕಟ್ಟು ಎತ್ತಿ ಕೊಡುವಾಗ ನಡುವಿನಿಂದ ಒಂದು ಪುಟ್ಟ ಪುಸ್ತಕ ಜಾರಿ ಅಂಗಳಕ್ಕೆ ಬಿತ್ತು. ಅಂಗೈಯಷ್ಟು ದೊಡ್ಡದು. ಹೊದಿಕೆ ಹರಿದುಹೋಗಿದೆ, ಮೂಲೆಗಳನ್ನು ಜಿರಳೆ ತಿಂದಿದೆ. ತೆಗೆದು ನೋಡಿದರೆ ಕೊಂಕಣಿ ಪ್ರಾರ್ಥನೆಗಳ ಪುಸ್ತಕ. ನಮ್ಮ ಮನೆಯಲ್ಲಿ ಕೊಂಕಣಿ ಮಾತಾಡುವವರು ಯಾರೂ ಇಲ್ಲ. ನಾವು ತುಳುವರು, ನಾಗನಿಗೆ ಹಾಲೆರೆದು ದೈವಕ್ಕೆ ಕೈಮುಗಿದು ಬಾಳುವವರು. ಆದರೆ ಆ ಪುಸ್ತಕದ ಪುಟಪುಟದಲ್ಲೂ ಪೆನ್ಸಿಲಿನ ಸಣ್ಣ ಸಣ್ಣ ಗೆರೆಗಳಿದ್ದವು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಎಳೆಯಬೇಕು ಎಂದು. ಆ ಗೆರೆಗಳು ನನ್ನವು. ಗುಜರಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದ.

"ಅದನ್ನೂ ಹಾಕಿ ಅಕ್ಕ."

"ಇದು ಇರಲಿ ಮಾರಾಯ" ಎಂದು ಸೆರಗಿನಿಂದ ಒರೆಸಿ ಒಳಗಿಟ್ಟೆ. ಆದದ್ದು ಅಷ್ಟೇ. ಅಂದಿನಿಂದ ನನ್ನ ಮನಸ್ಸು ಮಾತ್ರ ಸಿಸಿಲಿ ಬಾಯಮ್ಮನ ಅಂಗಳ ಬಿಟ್ಟು ಈಚೆ ಬರುತ್ತಿಲ್ಲ.

ನಮ್ಮದು ಕೊಟ್ಟಾರ ದಾಟಿ ಕೂಳೂರಿನ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಪಡುವಣಕ್ಕೆ ಇಳಿಯುವ ಒಂದು ಓಣಿ. ಓಣಿಯ ತುದಿಯಲ್ಲಿ ನಮ್ಮ ಮನೆ, ಅದಕ್ಕೆ ತಾಗಿಕೊಂಡು ಬಾಯಮ್ಮನ ಮನೆ. ನಡುವೆ ದಾಸವಾಳದ ಬೇಲಿ. ಕೊಂಕಣಿ ಕ್ರೈಸ್ತ ಹೆಂಗಸರನ್ನು ನಾವು ತುಳುವರು ಬಾಯಮ್ಮ ಎನ್ನುತ್ತೇವೆ, ಗಂಡಸರನ್ನು ಪೊರ್ಬುಲು ಎನ್ನುತ್ತೇವೆ. ಸಿಸಿಲಿ ಬಾಯಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ನಾನು ತೊಟ್ಟಿಲಲ್ಲಿದ್ದೆನಂತೆ. ನಮ್ಮದು ಅಳಿಯಕಟ್ಟು; ಮನೆ ತಾಯಿಯಿಂದ ನನಗೆ ಬಂತು. ಹಾಗಾಗಿ ಮದುವೆಯಾದಾಗ ಗಂಡನೇ ಇಲ್ಲಿಗೆ ಬಂದರೇ ಹೊರತು ನಾನು ಬೇಲಿ ಬಿಟ್ಟು ಹೋಗಲಿಲ್ಲ. ಐವತ್ತೈದು ವರ್ಷಕ್ಕೂ ಮಿಕ್ಕಿ ನಾವಿಬ್ಬರು ಒಂದೇ ಬೇಲಿಯ ಎರಡು ಬದಿಯಲ್ಲಿ ಬದುಕಿದೆವು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬಾಯಮ್ಮ ಈ ಪುಸ್ತಕ ಹಿಡಿದುಕೊಂಡು ಬೇಲಿಯ ಹತ್ತಿರ ಬಂದರು. "ಜಲಜಾ, ನನಗೆ ಕಣ್ಣು ಮಂದ. ಸ್ವಲ್ಪ ಓದಿ ಹೇಳ್ತೀಯಾ?" ಮಂಗಳೂರಿನವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಅರ್ಥವಾಗದಿದ್ದರೂ ಓದಲು ನನಗೇನು ಅಡ್ಡಿ? ಶಾಲೆಯಲ್ಲಿ ಪದ್ಯ ಓದಿ ಶಹಬ್ಬಾಸ್ ಅನ್ನಿಸಿಕೊಂಡವಳು ನಾನು. ಅದೇ ಗತ್ತಿನಲ್ಲಿ ಓದುತ್ತ ಹೋದೆ. ಬಾಯಮ್ಮ ಕಣ್ಣು ಮುಚ್ಚಿ ಪ್ರತಿ ಸಾಲಿಗೂ ಉತ್ತರ ಹೇಳುತ್ತಿದ್ದರು. "ದೇವಾಚೊ ಮೋಗ್" ಎಂದು ಎಲ್ಲೆಲ್ಲೂ ಬರುತ್ತಿತ್ತು. ಮೊಗ ಎಂದರೆ ಮುಖ ಎಂದು ಕನ್ನಡ ಪಾಠದಲ್ಲಿ ಆಗಿತ್ತಲ್ಲ, ಇವರ ದೇವರಿಗೆ ಮುಖದ ಚಿಂತೆ ಬಹಳ ಎಂದುಕೊಂಡಿದ್ದೆ. ಮೋಗ್ ಎಂದರೆ ಪ್ರೀತಿ ಎಂದು ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಇನ್ನೊಂದು ಸಂಗತಿ ತಿಳಿಯಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಯಿತು. ಬಾಯಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ. ಅಕ್ಕಿಯಲ್ಲಿ ಅಡಗಿದ ಕಪ್ಪು ಹುಳವನ್ನು ಅಷ್ಟು ದೂರದಿಂದ ಕಾಣುವವರಿಗೆ ಅಕ್ಷರ ಮಾತ್ರ ಹೇಗೆ ಕಾಣುವುದಿಲ್ಲ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಗೊತ್ತಾದ ಮೇಲೂ ಕೇಳಲಿಲ್ಲ. ನಾನು ಟೀಚರ್ ಆಗಿ, ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿ, ಪಕ್ಕದ ಮನೆಯಲ್ಲಿ ಮಾತ್ರ ಕೊನೆಯವರೆಗೂ ಓದಿ ಹೇಳುವವಳಾಗಿಯೇ ಉಳಿದೆ. ಈಗ ಅನ್ನಿಸುತ್ತದೆ, ಕಲಿಸಬಹುದಿತ್ತು. ಕಲಿಸಿದ್ದರೆ ಸಂಜೆ ಬೇಲಿಯ ಹತ್ತಿರ ಕರೆಯುವವರು ಯಾರು ಎಂಬ ಸ್ವಾರ್ಥವೂ ಇದ್ದಿರಬಹುದು.

ಬಾಯಮ್ಮನ ಗಂಡ ಪೌಲ್ ಪೊರ್ಬುಲು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಆದರೆ ಓಣಿಯಲ್ಲಿ ಅವರಿಗೆ ಮರ್ಯಾದೆ ಇದ್ದದ್ದು ಗುರ್ಕಾರ್ ಎಂಬ ಕಾರಣಕ್ಕೆ. ಈ ಗುರ್ಕಾರ್ ಎಂದರೆ ಯಾರು ಎಂದು ನಾನು ಒಮ್ಮೆ ಕೇಳಿದ್ದೆ. ಬಾಯಮ್ಮ ಆಗ ಇಡ್ಲಿಯಂಥ ಸಾನ್ನದ ಹಿಟ್ಟನ್ನು ಬಟ್ಟಲುಗಳಿಗೆ ಹೊಯ್ಯುತ್ತಿದ್ದರು. ನಾವು ಆಡುತ್ತಿದ್ದುದೆಲ್ಲ ತುಳುವಿನಲ್ಲಿ. ಇಲ್ಲಿ ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ನೋಡು, ಇದೊಂದು ಮನೆ" ಎಂದು ಒಂದು ಬಟ್ಟಲು ತೋರಿಸಿದರು. "ಇಂಥ ಇಪ್ಪತ್ತು ಮೂವತ್ತು ಮನೆ ಸೇರಿದ್ರೆ ಒಂದು ವಾಡೊ. ವಾಡೊದ ಹಿರಿಯ ಗುರ್ಕಾರ್. ವಾಡೊ ಎಲ್ಲ ಸೇರಿ ಒಂದು ಇಗರ್ಜಿ, ನೀವು ಚರ್ಚ್ ಅನ್ನುವುದು, ಅದಕ್ಕೆ ವಿಗಾರ್ ಫಾದರ್. ಇಗರ್ಜಿ ಎಲ್ಲ ಸೇರಿ ದಿಯೆಸೆಜ್, ಅದಕ್ಕೆ ಬಿಸ್ಪ್. ಆಮೇಲೆ ರೋಮಿನಲ್ಲಿ ಪಾಪಾ ಸಾಯ್ಬರು. ಅಲ್ಲಿಗೆ ಮುಗೀತು."

"ಅವರ ಮೇಲೆ?"

"ಅವರ ಮೇಲೆ ದೇವರು. ಆದ್ರೆ ದೇವರಿಗೆ ಈ ಓಣಿಯಲ್ಲಿ ಯಾರಿಗೆ ಜ್ವರ ಬಂದಿದೆ ಅಂತ ಹೇಳ್ಬೇಕಾದ್ರೆ ಮೊದಲು ಗುರ್ಕಾರಿಗೆ ಗೊತ್ತಾಗ್ಬೇಕು." ಹೀಗೆ ಹೇಳಿ ಹಬೆಯ ಪಾತ್ರೆಯ ಮುಚ್ಚಳ ಮುಚ್ಚಿದರು.

ಅದು ನಿಜವೂ ಆಗಿತ್ತು. ಯಾರ ಮನೆಯಲ್ಲಿ ಸಾವಾದರೂ ಪೊರ್ಬುಲು ಮೊದಲು ಹೋಗುತ್ತಿದ್ದರು. ಅಣ್ಣತಮ್ಮಂದಿರು ಬಾವಿಯ ನೀರಿಗೆ ಜಗಳಾಡಿದರೆ ಇವರ ಜಗಲಿಯಲ್ಲಿ ರಾಜಿ. ಬಿಸ್ಪರು ಬರುವ ವರ್ಷ ಓಣಿಗೆ ತೋರಣ ಕಟ್ಟಿಸುವುದೂ ಇವರೇ. ನಮ್ಮ ತೆಂಗಿನ ಗರಿಯೆಲ್ಲ ಆ ತೋರಣಕ್ಕೆ ಹೋಗುತ್ತಿತ್ತು. ಹೊಸ ತೆನೆಯ ಹಬ್ಬದ ದಿನ ಇಗರ್ಜಿಯಲ್ಲಿ ಹರಸಿ ಕೊಟ್ಟ ಭತ್ತದ ತೆನೆ ನಮ್ಮ ಮನೆಗೂ ಬರುತ್ತಿತ್ತು. ಅಮ್ಮ ಅದರ ನಾಲ್ಕು ಕಾಳು ಸುಲಿದು ನಮ್ಮ ಪಾಯಸಕ್ಕೆ ಹಾಕುತ್ತಿದ್ದಳು. ಯಾರ ಹೊಸ ತೆನೆ, ಯಾರ ದೇವರು ಎಂದು ಆಗ ಯಾರೂ ಬಿಡಿಸಿ ನೋಡಿದ್ದು ನನಗೆ ನೆನಪಿಲ್ಲ.

ಬಾಯಮ್ಮನ ತವರು ಉಡುಪಿಯ ಆಚೆ. ಮೊದಲು ಅದೂ ಮಂಗಳೂರಿನ ಬಿಸ್ಪರ ಕೆಳಗೇ ಇತ್ತು. ಮುಂದೆ ಉಡುಪಿಯೇ ಬೇರೆ ದಿಯೆಸೆಜ್ ಆಯಿತು. ಆ ಸುದ್ದಿ ಬಂದ ದಿನ ಪೊರ್ಬುಲು ಹೆಂಡತಿಯನ್ನು ಛೇಡಿಸಿದ್ದೇ ಛೇಡಿಸಿದ್ದು. "ಇನ್ನು ನಿನ್ನ ತವರಿಗೆ ಹೋಗಲು ಪಾಸ್‌ಪೋರ್ಟ್ ಬೇಕು ಮಾರಾಯ್ತಿ!" ಬಾಯಮ್ಮ ನಗಲಿಲ್ಲ. "ಅಪ್ಪ ಅಮ್ಮನ ಹೆಸರು ಬರೆದಿಟ್ಟ ಇಗರ್ಜಿಯ ಪುಸ್ತಕ ಈಗ ಬೇರೆ ಬಿಸ್ಪರ ಕಪಾಟಿಗೆ ಹೋಗ್ತದಲ್ಲ" ಎಂದು ಸಣ್ಣಗೆ ಹೇಳಿದರು. ಪುಸ್ತಕ ಅಲ್ಲೇ ಅದೇ ಇಗರ್ಜಿಯಲ್ಲೇ ಇರುತ್ತದೆ ಎಂದು ಪೊರ್ಬುಲು ಎಷ್ಟು ಹೇಳಿದರೂ ಅವರ ಮುಖ ತಿಳಿಯಾಗಲಿಲ್ಲ. ಅಷ್ಟೊಂದು ಬೇಸರ ಪಡುವಂಥದ್ದು ಏನಿದೆ ಎಂದು ನಾನೂ ಒಳಗೊಳಗೇ ನಕ್ಕಿದ್ದೆ. ನಕ್ಕದ್ದು ತಪ್ಪು ಎಂದು ಮುಂದೆ ಗೊತ್ತಾಯಿತು.

ಪೊರ್ಬುಲು ಅದೇ ವರ್ಷ ತೀರಿಕೊಂಡರು. ಹೆದ್ದಾರಿಯ ಆಚೆ, ಗುಡ್ಡದ ಮೇಲಿನ ಹಳೆಯ ಇಗರ್ಜಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮುಂದಿನ ಚುನಾವಣೆಯಲ್ಲಿ ವಾಡೊದವರು ಬಾಯಮ್ಮನನ್ನೇ ಆರಿಸಿದರು. ಹೆಂಗಸಾದರೆ ಗುರ್ಕಾರ್ನ್ ಎನ್ನುತ್ತಾರೆ. ಅಲ್ಲಿಂದ ಮುಂದೆ ಇಗರ್ಜಿಯಿಂದ ವಾಡೊಕ್ಕೆ ಬಂದ ಸುತ್ತೋಲೆಗಳೆಲ್ಲ ಮೊದಲು ನನ್ನ ಅಡುಗೆಮನೆಗೆ ಬರತೊಡಗಿದವು. ನಾನು ಓದುತ್ತಿದ್ದೆ, ಅವರು ಒಮ್ಮೆ ಕೇಳಿ ಬಾಯಿಪಾಠ ಮಾಡಿಕೊಂಡು ಮನೆಮನೆಗೆ ಹೋಗಿ ಹೇಳುತ್ತಿದ್ದರು. ಅಕ್ಷರ ಬಾರದ ಗುರ್ಕಾರ್ನ್ ಎಂದು ಅವರ ಮಗ ವಲೇರಿಯನಿಗೂ ಆಗ ಗೊತ್ತಿತ್ತೋ ಇಲ್ಲವೋ. ಅವನು ಕೂಳೂರಿನಲ್ಲಿ ಬೈಕ್ ಗ್ಯಾರೇಜು ಇಟ್ಟುಕೊಂಡು ಹೆಂಡತಿ ಮಕ್ಕಳೊಂದಿಗೆ ತಾಯಿಯ ಜೊತೆಯಲ್ಲೇ ಇದ್ದ.

ಹಾಗೆ ಬಂದ ಒಂದು ಸುತ್ತೋಲೆಯನ್ನು ನಾನು ಅರ್ಧ ಓದಿ ನಿಲ್ಲಿಸಿದೆ. ಹೆದ್ದಾರಿಯ ಪಡುವಣ ಬದಿಯ ವಾಡೊಗಳನ್ನು ಹಳೆಯ ಇಗರ್ಜಿಯಿಂದ ಬೇರೆ ಮಾಡಿ ಹೊಸ ಇಗರ್ಜಿ ಮಾಡುವ ಆಲೋಚನೆ ಇದೆ, ಮನೆಯವರ ಅಭಿಪ್ರಾಯ ತಿಳಿಸಿ ಎಂದು ಅದರಲ್ಲಿತ್ತು.

"ಎಂತ ಆಯ್ತು? ಓದು" ಎಂದರು ಬಾಯಮ್ಮ. ಓದಿದೆ. ಅವರು ಒಲೆಯ ಮೇಲಿನ ಚಹಾ ಉಕ್ಕುವುದನ್ನು ನೋಡುತ್ತ ಕುಳಿತರು, ಇಳಿಸಲಿಲ್ಲ.

ಕಾರಣ ನ್ಯಾಯವಾದದ್ದೇ. ಹೆದ್ದಾರಿ ಅಗಲವಾದ ಮೇಲೆ ಮುದುಕರಿಗೆ ಅದನ್ನು ದಾಟುವುದು ಸಾಧ್ಯವೇ ಇರಲಿಲ್ಲ. ಎಷ್ಟೋ ಮಂದಿ ಭಾನುವಾರ ಓಣಿಯ ಬಾಯಿಯವರೆಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು, ಲಾರಿಗಳ ಸಾಲು ನೋಡಿ ಹಿಂತಿರುಗುತ್ತಿದ್ದರು. ಬಾಯಮ್ಮನ ಅಂಗಳದಲ್ಲಿ ವಾಡೊದ ಸಭೆ ಸೇರಿತು. ನಮ್ಮ ಮನೆಯ ಕುರ್ಚಿಗಳನ್ನೂ ಬೇಲಿ ದಾಟಿಸಿದೆವು. ವಿಗಾರ್ ಫಾದರ್ ಎಲ್ಲವನ್ನೂ ಸಮಾಧಾನವಾಗಿ ವಿವರಿಸಿದರು. ನಮ್ಮ ದಿಯೆಸೆಜ್ ಕೂಡ ಒಂದು ಕಾಲದಲ್ಲಿ ಗೋವೆಯ ಕೆಳಗೆ ಇದ್ದದ್ದು, ಅಲ್ಲಿಂದ ಬೇರೆಯಾಗಿ ಬೆಳೆದದ್ದು ಎಂದರು. ಜನ ತಲೆ ಆಡಿಸಿದರು. ಯಾರೂ ಹೂಂ ಎನ್ನಲಿಲ್ಲ. ಮರ್ಸೆಲ್ ಪೊರ್ಬುಲು ಎಂಬ ಮುದುಕರು ಎದ್ದು ನಿಂತರು.

"ಫಾದರ್, ನನಗೆ ನಾಮಕರಣ ಆದದ್ದು ಅಲ್ಲಿ, ಮದುವೆ ಆದದ್ದು ಅಲ್ಲಿ. ನನ್ನ ಹೆಂಡತಿ ಮಲಗಿದ್ದು ಅಲ್ಲಿ. ನಾನು ಸಹಿ ಹಾಕುವುದಿಲ್ಲ. ಬೇಕಾದ್ರೆ ಹೆದ್ದಾರಿಯನ್ನೇ ಆಚೆ ತೆಗೊಂಡು ಹೋಗ್ಲಿ!"

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರೂ ಬಾಯಮ್ಮನ ಮುಖ ನೋಡಿದರು. ಫಾದರ್ ಹೇಳಿದರು, "ಸಿಸಿಲಿ ಬಾಯಿ, ನಿಮಗೆ ಒತ್ತಾಯ ಇಲ್ಲ. ವಯಸ್ಸಾದವರು ಹಳೆಯ ಇಗರ್ಜಿಯಲ್ಲೇ ಉಳಿಯಲು ಬರೆದು ಕೊಡಬಹುದು."

ಬಾಯಮ್ಮ ಒಂದು ವಾರ ಸಮಯ ಕೇಳಿದರು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹಳೆಯ ಇಗರ್ಜಿಗೆ ಹೊರಟರು. ಹೆದ್ದಾರಿ ದಾಟಲು ನಮಗೆ ಕಾಲು ಗಂಟೆ ಬೇಕಾಯಿತು. ಸ್ಮಶಾನದಲ್ಲಿ ಮೂರನೇ ಸಾಲಿನ ಕೊನೆಗೆ ಬಂದು ನಿಂತರು. ಮಂಗಳೂರಿನ ಇಗರ್ಜಿಗಳಲ್ಲಿ ಜಾಗ ಕಡಿಮೆ. ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿಗೆ ಬೇರೆಯವರು ಬರುತ್ತಾರೆ. ಪೌಲ್ ಪೊರ್ಬುಲುವಿನ ಜಾಗದಲ್ಲಿ ಈಗ ಬೇರೆ ಹೆಸರಿನ ಶಿಲುಬೆ ಇತ್ತು. ನಾನು ಓದಿ ಹೇಳಿದೆ. ಅದು ಬೇಕರಿಯ ಲಾರೆನ್ಸನದು. ಪೊರ್ಬುಲು ಜೀವಮಾನವಿಡೀ ಜಗಳಾಡಿದ್ದು ಆ ಲಾರೆನ್ಸನ ಜೊತೆಗೆ.

"ಇವರ ಮೇಲೆ ಅವನಾ!" ಎಂದು ಬಾಯಮ್ಮ ನಕ್ಕುಬಿಟ್ಟರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. "ಇರ್ಲಿ. ಇಲ್ಲೇ ಎಲ್ಲೋ ಇದ್ದಾರೆ. ಇದೇ ಮಣ್ಣು."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಮನೆಯೊಂದನ್ನು ಇಲ್ಲೇ ಉಳಿಸಿಕೊಳ್ಳಿ ಬಾಯಮ್ಮ. ಒಂದು ಪತ್ರ ಬರೆದು ಕೊಟ್ರೆ ಆಯ್ತಲ್ಲ? ನಾನು ಬರೀತೇನೆ."

"ವಾಡೊ ಆಚೆ, ಗುರ್ಕಾರ್ನ್ ಈಚೆ. ಅದು ಹೇಗೆ ಆಗ್ತದೆ ಮಾರಾಯ್ತಿ? ನಾನು ಹೋಗದಿದ್ರೆ ಒಬ್ಬರೂ ಹೋಗುವುದಿಲ್ಲ. ಹೋಗದಿದ್ರೆ ಆ ಮುದುಕಿಯರು ಸಾಯುವವರೆಗೆ ಓಣಿಯ ಬಾಯಲ್ಲಿ ನಿಂತು ಲಾರಿ ಲೆಕ್ಕ ಮಾಡ್ಬೇಕಷ್ಟೆ."

ಆ ವಾರ ನಾವಿಬ್ಬರು ಇಪ್ಪತ್ತೆರಡು ಮನೆಗಳಿಗೆ ಹೋದೆವು. ಮಾತು ಅವರದು, ಅರ್ಜಿ ತುಂಬಿಸುವುದು ನನ್ನದು. ಮೊದಲ ಅರ್ಜಿ ಅವರದೇ. ಅದರ ಕೆಳಗೆ ಅವರು ಹೆಬ್ಬೆಟ್ಟು ಒತ್ತಿದ್ದನ್ನು ನೋಡಿ ಜನರಿಗೆ ಬೇರೇನೂ ಹೇಳಬೇಕಾಗಲಿಲ್ಲ. ಮರ್ಸೆಲ್ ಪೊರ್ಬುಲು ಕೂಡ ಮೂರು ಸಲ ಬಾಗಿಲು ಹಾಕಿಕೊಂಡು ನಾಲ್ಕನೇ ಸಲ ಸಹಿ ಹಾಕಿದರು. ಬಾಯಮ್ಮ ಫಾದರ್ ಹತ್ತಿರ ಬೇಡಿಕೊಂಡದ್ದು ಒಂದೇ. ತಾನು ಸತ್ತ ಮೇಲೆ ಹಳೆಯ ಸ್ಮಶಾನದಲ್ಲೇ ಮಣ್ಣು ಮಾಡಬೇಕು, ಅದನ್ನು ಬರೆದು ಕೊಡಬೇಕು. ಫಾದರ್ ಎರಡು ಮಾತಾಡದೆ ಮುದ್ರೆ ಒತ್ತಿ ಕೊಟ್ಟರು. ಬಾಯಮ್ಮ ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿ ಮದುವೆಯ ಸೀರೆಯ ಕೆಳಗಿಟ್ಟರು. ಅವರನ್ನು ನೋಡಿ ಉಳಿದ ಹಿರಿಯರೂ ಅಂಥದೇ ಕಾಗದ ಮಾಡಿಸಿಕೊಂಡರು.

ಹೊಸ ಇಗರ್ಜಿ ಎಂದರೆ ಮೊದಲಿಗೆ ಒಂದು ತಗಡಿನ ಮಾಡು. ಗಂಟೆಯೂ ಇರಲಿಲ್ಲ. ಮಳೆ ಬಂದರೆ ಹೊಸದಾಗಿ ಬಂದ ಯುವಕ ಫಾದರಿನ ಪ್ರಸಂಗ ಯಾರಿಗೂ ಕೇಳಿಸುತ್ತಿರಲಿಲ್ಲ. ಅದೊಂದು ಲಾಭ ಎಂದು ಮರ್ಸೆಲ್ ಪೊರ್ಬುಲು ಹೇಳುತ್ತಿದ್ದರು. ಆದರೆ ಓಣಿಯ ಮುದುಕಿಯರೆಲ್ಲ ಕೊಡೆ ಊರಿಕೊಂಡು ನಡೆದೇ ಹೋಗಿ ಬರುತ್ತಿದ್ದರು. ಬಾಯಮ್ಮ ಪ್ರತಿ ಶನಿವಾರ ಹೋಗಿ ನೆಲ ಒರೆಸುತ್ತಿದ್ದರು. ಸಂಜೆ ಮಾತ್ರ, ಗಾಳಿ ಮೂಡಣದಿಂದ ಬೀಸಿದ ದಿನ, ಗುಡ್ಡದ ಮೇಲಿನ ಹಳೆಯ ಗಂಟೆ ಲಾರಿಗಳ ಸದ್ದಿನ ನಡುವೆ ಒಂದಿಷ್ಟು ಕೇಳಿಸುತ್ತಿತ್ತು. ಆಗ ಮಾಡುತ್ತಿದ್ದ ಕೆಲಸ ಅಲ್ಲಿಗೇ ನಿಲ್ಲಿಸಿ ಆ ಕಡೆಗೆ ತಿರುಗುತ್ತಿದ್ದರು. ತಾನೇ ಬಿಟ್ಟು ಬಂದ ಮನೆಯ ಬಾಗಿಲು ಯಾರೋ ತೆರೆದರು ಎಂಬಂತೆ.

ಹೊಸ ಇಗರ್ಜಿಯ ಹಿಂದೆ ಸ್ಮಶಾನವೂ ಸಿದ್ಧವಾಗಿತ್ತು. ಕೆಂಪು ಮಣ್ಣು ತುಂಬಿಸಿ, ಸುತ್ತ ಗೋಡೆ ಕಟ್ಟಿ, ನಡುವೆ ಬಿಳಿ ಶಿಲುಬೆ ನೆಟ್ಟಿದ್ದರು. ಬಿಸ್ಪರು ಬಂದು ಪವಿತ್ರ ಜಲ ಚಿಮುಕಿಸಿ ಹರಸಿದ್ದರು. ಆದರೆ ಅಲ್ಲಿಗೆ ಯಾರೂ ಹೋಗಲಿಲ್ಲ. ಮೊದಲ ವರ್ಷದ ನಾಲ್ಕು ಸಾವಿಗೂ ನಾಲ್ಕು ಮನೆಯವರು ಕಪಾಟಿನಿಂದ ಕಾಗದ ತೆಗೆದರು. ಪೆಟ್ಟಿಗೆ ಹೆದ್ದಾರಿ ದಾಟಿತು. ಒಂದೇ ಒಂದು ಸಮಾಧಿಯೂ ಇಲ್ಲದ ಖಾಲಿ ಬಯಲಿನಲ್ಲಿ ಮೊದಲು ಹೋಗಿ ಮಲಗುವುದು ಯಾರಿಗೆ ತಾನೇ ಇಷ್ಟ?

ಆ ದಿನಗಳಲ್ಲೇ ನಮ್ಮ ಓಣಿಯ ಬಾಡಿಗೆಯ ಲೈನ್ ಮನೆಗೆ ಜಾರ್ಖಂಡದಿಂದ ಸುನಿಲ್, ಸುಷ್ಮಾ ಎಂಬ ಗಂಡ ಹೆಂಡತಿ ಬಂದರು. ಸುನಿಲನಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸ. ಅವರೂ ಕ್ರೈಸ್ತರು ಎಂದು ತಿಳಿದ ಸಂಜೆಯೇ ಬಾಯಮ್ಮ ವಾಡೊದ ಪುಸ್ತಕಕ್ಕೆ ಅವರ ಹೆಸರು ಸೇರಿಸಲು ನನ್ನನ್ನು ಎಳೆದುಕೊಂಡು ಹೋದರು. ಕೊಂಕಣಿಯ ಕೊನೆಗೆ ಒಂದು "ಹೈ" ಹಚ್ಚಿದರೆ ಹಿಂದಿ ಆಗುತ್ತದೆ ಎಂದು ಬಾಯಮ್ಮ ನಂಬಿದ್ದರು. "ತುಕಾ ಜೇವಣ್ ಜಾಲೆಂ ಹೈ?" ಎಂದು ಸುಷ್ಮಾಳನ್ನು ಕೇಳಿದರು. ಊಟ ಆಯಿತಾ ಎಂದು. ಪಾಪ, ಅವಳು ಕಂಗಾಲಾಗಿ ಗಂಡನ ಮುಖ ನೋಡಿದಳು. ಅವರ ಮೂರು ವರ್ಷದ ಮಗಳು ಅನಿಮಾ ಮಾತ್ರ ಎಲ್ಲ ಅರ್ಥವಾದವಳಂತೆ "ಹೈ" ಎಂದಳು.

ಆಮೇಲೆ ಅನಿಮಾ ಇದ್ದದ್ದೆಲ್ಲ ಬಾಯಮ್ಮನ ಅಂಗಳದಲ್ಲೇ. ಬಾಯಮ್ಮನನ್ನು ದಾದಿ ಎಂದು ಕರೆಯುತ್ತಿದ್ದಳು. ಅಜ್ಜಿ ಎಂದು ಅರ್ಥ. ಒರೆಸುವ ಬಟ್ಟೆಯ ನೂಲು ಎಳೆದೆಳೆದು ಕೋಳಿಗಳ ಕಾಲಿಗೆ ಕಟ್ಟಲು ಹೋಗುವುದು ಅವಳ ಮುಖ್ಯ ಉದ್ಯೋಗ. ನನ್ನ ದಾಸವಾಳದ ಮೊಗ್ಗುಗಳನ್ನೆಲ್ಲ ಬಿಡಿಸಿ ಸಾಲಾಗಿ ಜೋಡಿಸಿ ಅವಕ್ಕೆ ಪಾಠ ಮಾಡುತ್ತಿದ್ದಳು. ನಾನು ಗದರಿದರೆ ದಾದಿಯ ಸೀರೆಯ ಹಿಂದೆ ಅಡಗಿ ಒಂದೇ ಕಣ್ಣು ತೋರಿಸುತ್ತಿದ್ದಳು.

ಮಳೆಗಾಲದ ಆರಂಭದಲ್ಲಿ ಅವಳಿಗೆ ಜ್ವರ ಬಂತು. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು.

ಸುನಿಲನಿಗೆ ಆಗಿನ್ನೂ ಇಲ್ಲಿಯ ಹಳೆಯ ಇಗರ್ಜಿ, ಹೊಸ ಇಗರ್ಜಿ ಎಂಬುದೇನೂ ಗೊತ್ತಿರಲಿಲ್ಲ. ಆಚೆಯ ಮಣ್ಣಿನಲ್ಲಿ ಅವನವರು ಯಾರೂ ಇರಲಿಲ್ಲ. ಹಾಗಾಗಿ ಹೊಸ ಸ್ಮಶಾನದಲ್ಲೇ ಮೊದಲ ಗುಂಡಿ ತೋಡಿದರು. ಅದು ಎಷ್ಟು ಚಿಕ್ಕದಿತ್ತೆಂದರೆ ತೋಡುವವನಿಗೆ ಒಳಗೆ ನಿಲ್ಲಲು ಜಾಗವಿರಲಿಲ್ಲ. ಮಧ್ಯಾಹ್ನದ ಮಳೆಯಲ್ಲಿ ವಾಡೊದವರೆಲ್ಲ ಕೊಡೆ ಹಿಡಿದು ನಿಂತಿದ್ದೆವು. ಬಿಳಿಯ ಪುಟ್ಟ ಪೆಟ್ಟಿಗೆ ಇಳಿಯಿತು. ಎಲ್ಲರೂ ಹಿಡಿ ಮಣ್ಣು ಹಾಕಿದೆವು. ಜನ ಹೊರಡಬೇಕು, ಅಷ್ಟರಲ್ಲಿ ಸುಷ್ಮಾ ತಲೆ ಎತ್ತಿ ಸುತ್ತ ನೋಡಿದಳು. ಗೋಡೆಯಿಂದ ಗೋಡೆಯವರೆಗೆ ಕೆಂಪು ಮಣ್ಣು, ನಡುವೆ ಒಂದು ಶಿಲುಬೆ.

"ಯಹಾಂ ಔರ್ ಕೋಯೀ ನಹೀಂ ಹೈ?" ಎಂದು ಕೇಳಿದಳು. ಇಲ್ಲಿ ಬೇರೆ ಯಾರೂ ಇಲ್ಲವಾ ಎಂದು.

ಬಾಯಮ್ಮನಿಗೆ ಆ ಹಿಂದಿ ಅರ್ಥವಾಗಿತ್ತು; ಹೋಗಿ ತಮ್ಮ ಕೊಡೆಯನ್ನು ಸುಷ್ಮಾಳ ತಲೆಗೆ ಹಿಡಿದರು.

ಮರುದಿನ ಬೆಳಿಗ್ಗೆ ನಾನು ನೀರುದೋಸೆ ಎರೆಯುತ್ತಿದ್ದಾಗ ಬಾಯಮ್ಮ ಹಿಂಬಾಗಿಲಿನಿಂದ ಬಂದರು. ಕೈಯಲ್ಲಿ ಪ್ಲಾಸ್ಟಿಕ್ಕಿನ ಸುತ್ತು.

"ಇದನ್ನು ಓದು." ಓದಿದೆ. ಹಳೆಯ ಫಾದರಿನ ಅದೇ ಅನುಮತಿ.

"ಇದನ್ನು ವಾಪಸ್ ಕೊಡ್ಬೇಕು. ನನ್ನನ್ನು ಇಲ್ಲೇ ಆ ಮಗುವಿನ ಪಕ್ಕದಲ್ಲಿ ಇಡಿ ಅಂತ ಇನ್ನೊಂದು ಕಾಗದ ಬರೆ."

ನಾನು ಒಲೆ ಆರಿಸಿದೆ. "ಮತ್ತೆ ಪೊರ್ಬುಲು?"

"ಅವರಿಗೆ ಅಲ್ಲಿ ಎಷ್ಟು ಜನ ಉಂಟು! ಅಪ್ಪ, ಅಮ್ಮ, ಅಣ್ಣಂದಿರು, ಕಾರ್ಖಾನೆಯವರು. ಇಸ್ಪೀಟಿಗೂ ಜನ ಕಡಿಮೆ ಇಲ್ಲ, ಜಗಳಕ್ಕೆ ಲಾರೆನ್ಸ್ ಇದ್ದಾನೆ. ಅದು ಒಂದೇ ಉಂಟಲ್ಲ ಜಲಜಾ. ಮೂರು ವರ್ಷದ್ದು. ಕತ್ತಲೆಗೆ ಹೆದರ್ತಿತ್ತು."

"ಸತ್ತವರಿಗೆ ಎಂತ ಕತ್ತಲೆ ಬಾಯಮ್ಮ?"

"ಸತ್ತವರಿಗೆ ಇಲ್ಲ. ಅದರ ಅಮ್ಮನಿಗೆ ಉಂಟು."

ನಾನು ಬರೆದೆ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆದ ಕೈ, ಅಂದು ನಾಲ್ಕು ಸಾಲಿಗೆ ಮೂರು ಹಾಳೆ ಹಾಳು ಮಾಡಿತು. ಬಾಯಮ್ಮ ಹೆಬ್ಬೆಟ್ಟು ಒತ್ತಿ, ಮಡಚಿ, ನೆಟ್ಟಗೆ ಇಗರ್ಜಿಗೆ ನಡೆದರು.

ಸಂಜೆ ವಲೇರಿಯನ್ ಗ್ಯಾರೇಜಿನ ಎಣ್ಣೆ ಕೈಯಲ್ಲೇ ನಮ್ಮ ಗೇಟಿನಲ್ಲಿ ನಿಂತ. "ಜಲಜಕ್ಕ, ನೀವು ಓದಿದವರು. ಅಮ್ಮ ಹೇಳಿದ್ರೆ ನೀವು ಬರೆಯುವುದಾ? ಅಪ್ಪನನ್ನು ಬಿಟ್ಟು ಯಾರದೋ ಮಗುವಿನ ಹತ್ತಿರ! ಊರವರು ನನಗೆ ಎಂತ ಹೇಳ್ತಾರೆ?" ಅವನು ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟ. ತಾಯಿಯ ಜೊತೆಗೂ ಅಗತ್ಯವಿದ್ದಷ್ಟೇ ಮಾತು. ಬಾಯಮ್ಮ ಅದಕ್ಕೆಲ್ಲ ಬಗ್ಗಲಿಲ್ಲ. ಆದರೆ ಮಗ ಉಣ್ಣದೆ ಎದ್ದ ದಿನ ತಾವೂ ಉಣ್ಣುತ್ತಿರಲಿಲ್ಲ ಎಂದು ಸೊಸೆ ನನಗೆ ಹೇಳಿದ್ದಳು.

ಸುನಿಲ್, ಸುಷ್ಮಾ ಆ ವರ್ಷವೇ ಕೆಲಸ ಹುಡುಕಿಕೊಂಡು ಕೇರಳಕ್ಕೆ ಹೋದರು. ಹೋಗುವಾಗ ಬಾಯಮ್ಮ ಸುಷ್ಮಾಳ ಎರಡೂ ಕೈ ಹಿಡಿದು ಎದೆಗೆ ಒತ್ತಿಕೊಂಡು, "ಹಾಂವ್ ಆಸಾಂ ಹೈ" ಎಂದರು. ನಾನಿದ್ದೇನೆ ಎಂದು. ಆಮೇಲೆ ಪ್ರತಿ ಶನಿವಾರ ಇಗರ್ಜಿಯ ನೆಲ ಒರೆಸಿದ ಮೇಲೆ ಸ್ಮಶಾನಕ್ಕೂ ಹೋಗಿ ಹುಲ್ಲು ಕೀಳುತ್ತಿದ್ದರು. ಮರ್ಸೆಲ್ ಪೊರ್ಬುಲು ತೀರಿಕೊಂಡಾಗ ಅವರ ಮಕ್ಕಳು ಕಾಗದ ತೆಗೆದು ಹೆದ್ದಾರಿ ದಾಟಿದರು. ಬಾಯಮ್ಮ ಅವರೊಂದಿಗೆ ಹೋಗಿ ಮಣ್ಣು ಹಾಕಿ ಬಂದರು. ಮೂರು ವರ್ಷ ಆ ಮಗು ಅಲ್ಲಿ ಒಂದೇ ಇತ್ತು.

ಒಂದು ಡಿಸೆಂಬರಿನ ಬೆಳಿಗ್ಗೆ ಬಾಯಮ್ಮ ಏಳಲಿಲ್ಲ. ಎಂಬತ್ತೊಂದು ದಾಟಿತ್ತು. ನಾನು ಓಡಿಹೋದಾಗ ಸೊಸೆ ಜಪಮಾಲೆಯನ್ನು ಅವರ ಬೆರಳುಗಳಿಗೆ ಸುತ್ತುತ್ತಿದ್ದಳು. ನನ್ನ ಕಣ್ಣೆದುರಿಗೆ ಇದ್ದದ್ದು ಅವರ ಮುಖ, ತಲೆಯೊಳಗೆ ಇದ್ದದ್ದು ನಾಚಿಕೆಯಿಲ್ಲದೆ ಒಂದೇ ಯೋಚನೆ: ವಲೇರಿಯನ್ ಏನು ಮಾಡುತ್ತಾನೆ? ಕಾಗದ ಇಗರ್ಜಿಯಲ್ಲಿದೆ, ನಿಜ. ಆದರೆ ಮಗ ಬೇಡ ಎಂದರೆ ಯಾವ ಕಾಗದ ತಾನೇ ನಿಲ್ಲುತ್ತದೆ?

ಹತ್ತು ಗಂಟೆಯ ಹೊತ್ತಿಗೆ ಅವನು ಬೇಲಿಯ ಹತ್ತಿರ ಬಂದ. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಜಲಜಕ್ಕ, ಆ ಕಾಗದದಲ್ಲಿ ಎಂತ ಬರೆದಿದ್ದೀರಿ? ಒಮ್ಮೆ ಹೇಳಿ."

ಮೂರು ಹಾಳೆ ಹಾಳು ಮಾಡಿದವಳಿಗೆ ಅದು ಮರೆಯುತ್ತದೆಯೇ? ಬಾಯಿಪಾಠ ಹೇಳಿದೆ. "ನಾನು ಈ ವಾಡೊದ ಗುರ್ಕಾರ್ನ್. ನಮ್ಮ ವಾಡೊದ ಒಂದು ಮಗು ಹೊಸ ಜಾಗದಲ್ಲಿ ಒಂಟಿಯಾಗಿದೆ. ನನ್ನನ್ನು ಅದರ ಪಕ್ಕದಲ್ಲಿ ಇಡಬೇಕು. ನನ್ನ ಗಂಡ ಇದಕ್ಕೆ ಬೇಸರ ಮಾಡುವವರಲ್ಲ, ನನ್ನ ಮಗನೂ ಅವರ ಹಾಗೆಯೇ."

"ಕೊನೆಯದ್ದು ಅಮ್ಮ ಹೇಳಿದ್ದಾ, ನೀವು ಸೇರಿಸಿದ್ದಾ?"

"ಅಮ್ಮ ಹೇಳಿದ್ದೇ ಮಗಾ."

ಅವನು ದಾಸವಾಳದ ಒಂದು ಕೊಂಬೆಯನ್ನು ಹಿಡಿದುಕೊಂಡ. ಆಮೇಲೆ ಗುಂಡಿ ತೋಡುವವರಿಗೆ ಫೋನ್ ಮಾಡಿ, "ಈಚೆ ಬದಿಯಲ್ಲಿ. ಆ ಮಗುವಿನದ್ದಕ್ಕೆ ತಾಗಿಯೇ" ಎಂದ.

ಅಂದು ಮಧ್ಯಾಹ್ನ ಬಾಯಮ್ಮ ಹೆದ್ದಾರಿ ದಾಟಲಿಲ್ಲ. ಹಳೆಯ ಇಗರ್ಜಿಯವರೇ ದಾಟಿ ಬಂದರು, ಹಿಂಡು ಹಿಂಡಾಗಿ. ಅದರ ಮುಂದಿನ ತಿಂಗಳು ತೀರಿಕೊಂಡ ಒಬ್ಬ ಅಜ್ಜಿಯ ಮಕ್ಕಳು ಕಪಾಟು ತೆರೆಯಲಿಲ್ಲ. ಈಗ ಅಲ್ಲಿ ಒಂದು ಸಾಲು ತುಂಬಿ ಎರಡನೆಯದು ಶುರುವಾಗಿದೆ. ತಗಡಿನ ಮಾಡು ಹೋಗಿ ಇಗರ್ಜಿ ಎದ್ದಿದೆ, ಗಂಟೆಯೂ ಬಂದಿದೆ. ಅದನ್ನು ಮೊದಲ ಸಲ ಬಾರಿಸಿದ ಸಂಜೆ ನಾನು ಏನೂ ತೋಚದೆ ಬೇಲಿಯ ಹತ್ತಿರ ಹೋಗಿ ನಿಂತಿದ್ದೆ. ಯಾರೂ ಕರೆಯಲಿಲ್ಲ.

ಕಳೆದ ನವೆಂಬರಿನಲ್ಲಿ ಸುನಿಲ್ ಬಂದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕೇರಳದಿಂದ ಊರಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದಿದ್ದ. ಬಾಯಮ್ಮನ ಮನೆಯಲ್ಲಿ ಆ ಹೊತ್ತಿಗೆ ಯಾರೂ ಇಲ್ಲದ್ದು ಕಂಡು ನಮ್ಮ ಗೇಟಿಗೆ ಬಂದು, "ದಾದಿ?" ಎಂದು ಕೇಳಿದ. ಅವನಿಗೆ ಗೊತ್ತೇ ಇರಲಿಲ್ಲ. ನನ್ನ ಹಿಂದಿ ಬಾಯಮ್ಮನದಕ್ಕಿಂತಲೂ ಕಡೆ. ಬಾ ಎಂದು ಕೈಸನ್ನೆ ಮಾಡಿ ಕರೆದುಕೊಂಡು ಹೋದೆ.

ಅನಿಮಾಳ ಸಮಾಧಿಯ ಮೇಲೆ ಹುಲ್ಲಿರಲಿಲ್ಲ. ವಲೇರಿಯನ್ ಶನಿವಾರ ಗ್ಯಾರೇಜು ಮುಚ್ಚಿ ಬಂದು ಕೀಳುತ್ತಾನೆ. ಸುನಿಲ್ ಅದರ ಮುಂದೆ ಮಂಡಿಯೂರಿ ಬಹಳ ಹೊತ್ತು ಇದ್ದ. ಎದ್ದ ಮೇಲೆ ಪಕ್ಕದ ಸಮಾಧಿಯನ್ನು ನೋಡಿದ. ಅದರ ಮೇಲಿನ ಹೆಸರು ಕನ್ನಡದಲ್ಲಿತ್ತು, ಅವನಿಗೆ ಓದಲು ಬರುವುದಿಲ್ಲ.

"ಇದು ಯಾರು?" ಕೇಳಿದ್ದು ಇಲ್ಲಿದ್ದಾಗ ಕಲಿತ ಹರುಕು ಕನ್ನಡದಲ್ಲೇ.

"ದಾದಿ" ಎಂದೆ.

ಅವನು ಅಲ್ಲೇ ಕುಳಿತುಬಿಟ್ಟ. "ಅವರ ಮನೆಯವರೆಲ್ಲ ಹೆದ್ದಾರಿ ಆಚೆ ಅಲ್ವಾ? ಇಲ್ಲಿ ಯಾಕೆ?"

ಚಿಕ್ಕ ಸಮಾಧಿಯನ್ನು ತೋರಿಸಿದೆ. ಆಮೇಲೆ ದೊಡ್ಡದನ್ನು. ಅವನಿಗೆ ತಿಳಿಯಿತು. ಜೇಬಿನಿಂದ ಫೋನ್ ತೆಗೆದು ಊರಿನಲ್ಲಿದ್ದ ಸುಷ್ಮಾಳಿಗೆ ವಿಡಿಯೊ ಕರೆ ಮಾಡಿದ. ಮೊದಲು ಮಗಳದ್ದನ್ನು ತೋರಿಸಿದ, ಆಮೇಲೆ ನಿಧಾನವಾಗಿ ಫೋನನ್ನು ಪಕ್ಕಕ್ಕೆ ತಿರುಗಿಸಿ ಏನೋ ಎರಡು ಮಾತು ಹೇಳಿದ.

"ಪಾಸ್ ಲೇ ಜಾವೋ" ಎಂದಳು ಸುಷ್ಮಾ. ಹತ್ತಿರ ಹಿಡಿ.

ಅವನು ಹತ್ತಿರ ಹಿಡಿದ.

"ಔರ್ ಪಾಸ್."

ಸುನಿಲ್ ಬಗ್ಗಿ, ಫೋನನ್ನು ಎರಡು ಸಮಾಧಿಗಳ ನಡುವಿನ ಒಂದು ಗೇಣು ಜಾಗದಲ್ಲಿ ಇಟ್ಟು, ಎದ್ದು ನನ್ನ ಪಕ್ಕಕ್ಕೆ ಬಂದು ನಿಂತ.